ಸಿಂಪರಣಾ ಯಂತ್ರದ ಸ್ಪಾರ್ಕ್ ಪ್ಲಗ್: ಪರಿಶೀಲನೆ ಮತ್ತು ಬದಲಾವಣೆ

ಅಡಿಕೆಯ ಕೊಳೆರೋಗಕ್ಕೆ ಬಳಸುವ ಬೋರ್ಡೋ ದ್ರಾವಣವನ್ನು ತಯಾರಿಸಿದ ದಿನವೇ ಸಿಂಪಡಿಸಿ ಮುಗಿಸಬೇಕು. ದ್ರಾವಣ ಸಿದ್ಧವಾದ ಮೇಲೆ ಪೆಟ್ರೋಲ್ ಎಂಜಿನ್ ಚಾಲೂ ಆಗದಿದ್ದರೆ ದ್ರಾವಣವೂ ಮಳೆಯ ಬಿಡುವೂ ಕೈತಪ್ಪುತ್ತವೆ. ಆದ್ದರಿಂದ ರೈತ ಬಾಂಧವರು ಸಿಂಪರಣೆಯ ಮುನ್ನಾದಿನವೇ ಸ್ಪಾರ್ಕ್ ಪ್ಲಗ್ ಪರಿಶೀಲಿಸುವುದು ಸೂಕ್ತ.

ಎಂಜಿನ್ ಪೂರ್ಣವಾಗಿ ತಣ್ಣಗಾದ ಬಳಿಕ ಪ್ಲಗ್‌ನ ಕ್ಯಾಪ್ ಕಳಚಿ, ಸುತ್ತಲಿನ ಮಣ್ಣನ್ನು ಒರೆಸಿ, ಪ್ಲಗ್ ಸ್ಪ್ಯಾನರ್‌ನಿಂದ ಬಿಚ್ಚಬೇಕು. ಒರೆಸದೆ ಬಿಚ್ಚಿದರೆ ಮಣ್ಣಿನ ಕಣಗಳು ಸಿಲಿಂಡರಿನೊಳಗೆ ಬೀಳುತ್ತವೆ. ನಂತರ ಪ್ಲಗ್‌ನ ತುದಿಯನ್ನು ಗಮನಿಸಿ:

• ತಿಳಿ ಕಂದು ಬಣ್ಣ: ಎಂಜಿನ್ ಸುಸ್ಥಿತಿಯಲ್ಲಿದೆ.
• ಒಣ ಕಪ್ಪು ಮಸಿ: ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು ಅಥವಾ ಇಂಧನ ಹೆಚ್ಚಾಗಿ ಹರಿಯುತ್ತಿರಬಹುದು.
• ಎಣ್ಣೆಯ ಜಿಡ್ಡು: ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಹೆಚ್ಚಾಗಿರಬಹುದು.
• ಬಿಳಿಚಿದ, ಗುಳ್ಳೆ ಎದ್ದ ತುದಿ: ಎಂಜಿನ್ ಅತಿಯಾಗಿ ಕಾಯುತ್ತಿದೆ.

ಕಾರಣವನ್ನು ಸರಿಪಡಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಬೇಗನೆ ಕೆಡುತ್ತದೆ.

ಮಸಿ ಮಾತ್ರ ಇದ್ದಲ್ಲಿ ಹಿತ್ತಾಳೆ ತಂತಿಯ ಬ್ರಷ್‌ನಿಂದ ಶುಚಿಗೊಳಿಸಬಹುದು. ಎಲೆಕ್ಟ್ರೋಡ್‌ನ ಅಂಚು ಸವೆದು ದುಂಡಗಾಗಿದ್ದರೆ ಅಥವಾ ಪಿಂಗಾಣಿ ಭಾಗ ಬಿರುಕು ಬಿಟ್ಟಿದ್ದರೆ ಪ್ಲಗ್ ಬದಲಾಯಿಸಲೇಬೇಕು. ಯಂತ್ರದ ಕೈಪಿಡಿಯಲ್ಲಿ ಸೂಚಿಸಿದ ಸಂಖ್ಯೆಯ ಪ್ಲಗ್ಗನ್ನೇ ಕೊಳ್ಳಿ. ಎಲೆಕ್ಟ್ರೋಡ್‌ಗಳ ನಡುವಿನ ಅಂತರ ಸಾಮಾನ್ಯವಾಗಿ 0.6 ರಿಂದ 0.7 ಮಿ.ಮೀ. ಇರಬೇಕು, ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಅನುಸರಿಸಿ.

ಹೊಸ ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ವಾಷರ್ ಇರುವ ಪ್ಲಗ್ಗನ್ನು ಅನಂತರ ಸ್ಪ್ಯಾನರ್‌ನಿಂದ ಸುಮಾರು ಅರ್ಧ ಸುತ್ತು ಬಿಗಿಗೊಳಿಸಿದರೆ ಸಾಕು. ಅತಿಯಾಗಿ ಬಿಗಿದರೆ ಎಂಜಿನ್ನಿನ ಥ್ರೆಡ್ ಹಾಳಾಗಿ, ಅಗ್ಗದ ದುರಸ್ತಿ ದುಬಾರಿಯಾಗುತ್ತದೆ. ಸಿಂಪರಣೆಗೆ ಹೊರಡುವಾಗ ಒಂದು ಹೊಸ ಪ್ಲಗ್ ಮತ್ತು ಸ್ಪ್ಯಾನರ್ ಜೊತೆಯಲ್ಲಿರಲಿ.