ಓಡಿಸಿ ನೋಡೋದಾ, ಓದಿ ನೋಡೋದಾ?

ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ಪ್ರೋಗ್ರಾಮರ್ ಒಬ್ಬ ಕೋಡ್ ಬರೆದಿದ್ದಾನೆ. ಅದರಲ್ಲಿ ತಪ್ಪುಗಳಿವೆ, ಅದಂತೂ ಗ್ಯಾರಂಟಿ. ಹುಡುಕೋದು ಹೇಗೆ? ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಬೇಕಾ, ಇಲ್ಲಾ ಕೋಡ್ ಮುಂದಿಟ್ಟುಕೊಂಡು ಸಾಲು ಸಾಲಾಗಿ ಓದಬೇಕಾ?

ಎಂಜಿನಿಯರಿಂಗ್ ಓದಿದ ನಮ್ಮಂಥ ಬಹಳ ಜನ ಥಟ್ಟನೆ ಹೇಳೋದು 'ಓಡಿಸಿ ನೋಡಿ' ಅಂತಲೇ. ಆದರೆ ಈ ಉತ್ತರ ಸರಿಯೋ ತಪ್ಪೋ ಅಂತ ಅಳೆದು ಹೇಳೋರು ಯಾರು? ಕಂಪನಿಗೆ ಪುರುಸೊತ್ತಿಲ್ಲ, ಡೆಲಿವರಿ ದಿನಾಂಕ ತಲೆ ಮೇಲೆ ಕೂತಿರತ್ತೆ. ಕಾಲೇಜಿಗೆ ಪುರುಸೊತ್ತಿದೆ, ಆದರೆ ಅಲ್ಲಿರೋದು ಮಾರ್ಕ್ಸ್‌ಗಾಗಿ ಬರೆದ ಪ್ರೋಗ್ರಾಮ್. ಒಬ್ಬರ ಹತ್ತಿರ ಅಕ್ಕಿ, ಇನ್ನೊಬ್ಬರ ಹತ್ತಿರ ಒಲೆ. ಸೇರದೆ ಅನ್ನ ಆಗಲ್ಲ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹೀಗೆ ಸೇರಿದವರಿದ್ದಾರೆ. ಅಲ್ಲಿರುವ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ, ಉಪಗ್ರಹ ಯಾವ ಕಕ್ಷೆಯಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅಂತ ನೆಲದ ಮೇಲೆ ಲೆಕ್ಕ ಹಾಕುವ ಸಾಫ್ಟ್‌ವೇರ್ ತಯಾರಾಗುತ್ತಿತ್ತು. 1976ರಲ್ಲಿ ಮೂವರು ಒಂದೇ ಮೇಜಿಗೆ ಬಂದರು. ಕೆಲಸ ಕೊಡುವ ನಾಸಾ, ಕೋಡ್ ಬರೆಯುವ ಕಂಪ್ಯೂಟರ್ ಸೈನ್ಸಸ್ ಕಾರ್ಪೊರೇಷನ್, ಪ್ರಶ್ನೆ ಕೇಳುವ ಮೇರಿಲ್ಯಾಂಡ್ ವಿಶ್ವವಿದ್ಯಾಲಯ. ಇಟ್ಟ ಹೆಸರು ಸಾಫ್ಟ್‌ವೇರ್ ಎಂಜಿನಿಯರಿಂಗ್ ಲ್ಯಾಬೊರೇಟರಿ.

ಲ್ಯಾಬ್ ಅಂದ ಕೂಡಲೇ ಬಿಳಿ ಕೋಟು, ಗಾಜಿನ ಕೊಳವೆ ನೆನಪಿಸಿಕೊಳ್ಳಬೇಡಿ. ದಿನಾ ಕೆಲಸ ನಡೆಯುವ ಆಫೀಸೇ ಇಲ್ಲಿ ಪ್ರಯೋಗಶಾಲೆ. ಪ್ರೋಗ್ರಾಮರ್‌ಗಳು ಕೆಲಸದ ಜೊತೆಗೇ ಫಾರಂ ತುಂಬುತ್ತಿದ್ದರು. ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತು? ಯಾವ ತಪ್ಪು ಸಿಕ್ಕಿತು? ಅದು ಹುಟ್ಟಿದ್ದೆಲ್ಲಿ, ಬೇಡಿಕೆ ಅರ್ಥವಾಗದೆಯೋ, ವಿನ್ಯಾಸದಲ್ಲೋ, ಕೋಡಿನಲ್ಲೋ? ನೂರಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳ ಲೆಕ್ಕ ಹೀಗೆ ಸೇರಿತು.

ಇದರ ಹಿಂದಿದ್ದ ಪ್ರೊಫೆಸರ್ ವಿಕ್ಟರ್ ಬೆಸಿಲಿ ಅವರ ಸೂತ್ರ ಸರಳ. ಮೊದಲು ಗುರಿ, ಆಮೇಲೆ ಪ್ರಶ್ನೆ, ಕೊನೆಗೆ ಅಳತೆ. ಸುಮ್ಮನೆ ಸಿಕ್ಕಿದ್ದನ್ನೆಲ್ಲ ಅಳೆಯೋದಲ್ಲ. ಇನ್ನೊಂದು ನಿಯಮ ಅದಕ್ಕಿಂತ ಮುಖ್ಯ. ಈ ಅಂಕಿಅಂಶ ಇಟ್ಟುಕೊಂಡು ಯಾವ ನೌಕರನಿಗೂ ಮಾರ್ಕ್ಸ್ ಹಾಕಬಾರದು. ನೀವೇ ಯೋಚಿಸಿ. 'ನನ್ನಿಂದ ಇಷ್ಟು ತಪ್ಪಾಗಿದೆ' ಅಂತ ಬರೆದುಕೊಟ್ಟ ಕಾಗದ ಇನ್‌ಕ್ರಿಮೆಂಟ್ ಹೊತ್ತಿಗೆ ಎದುರು ಬಂದರೆ, ಯಾರು ತಾನೇ ಸತ್ಯ ಬರೀತಾರೆ?

ಈಗ ನಮ್ಮ ಪ್ರಶ್ನೆಗೆ ಬರೋಣ. ಓದೋದಾ, ಓಡಿಸೋದಾ? ಬೆಸಿಲಿ ಮತ್ತು ರಿಚರ್ಡ್ ಸೆಲ್ಬಿ ಇದನ್ನು ಪ್ರಯೋಗಕ್ಕೇ ಒಡ್ಡಿದರು. ಫಲಿತಾಂಶ ಪ್ರಕಟವಾಗಿದ್ದು 1987ರಲ್ಲಿ. ಒಟ್ಟು 74 ಜನ, ಅವರಲ್ಲಿ 42 ವಿದ್ಯಾರ್ಥಿಗಳು, 32 ಮಂದಿ ನಾಸಾ ಮತ್ತು ಕಂಪನಿಯ ವೃತ್ತಿಪರರು. ವೃತ್ತಿಪರರ ಗುಂಪಿನಲ್ಲಿ ಗೆದ್ದಿದ್ದು ಓದು. ಓಡಿಸಿ ನೋಡುವ ಎರಡು ಬಗೆಯ ಟೆಸ್ಟಿಂಗ್‌ಗಿಂತ ಕೋಡ್ ಓದಿದಾಗಲೇ ಹೆಚ್ಚು ತಪ್ಪು ಸಿಕ್ಕಿತು, ಬೇಗನೂ ಸಿಕ್ಕಿತು. ನಾನೆಷ್ಟು ತಪ್ಪು ಹಿಡಿದೆ ಅನ್ನೋ ಅಂದಾಜು ಕೂಡ ಓದಿದವರದ್ದೇ ಹೆಚ್ಚು ಸರಿ ಇತ್ತು. ಹಾಗಂತ ಟೆಸ್ಟಿಂಗ್ ದಂಡ ಅಂತಲ್ಲ. ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವಿನ ಕೊಂಡಿಯ ತಪ್ಪುಗಳನ್ನು ಓದು ಚೆನ್ನಾಗಿ ಹಿಡಿಯಿತು, ಕೆಲವು ಬೇರೆ ಬಗೆಯ ತಪ್ಪುಗಳು ಓಡಿಸಿದಾಗಲೇ ಹೆಚ್ಚು ಸಿಕ್ಕವು.

ಅಸಲಿ ವಿಷಯ ಇನ್ನು ಮುಂದಿದೆ. ವಿದ್ಯಾರ್ಥಿಗಳ ಗುಂಪುಗಳಲ್ಲಿ ಓದಿಗೆ ಈ ಗೆಲುವು ಕಾಣಲೇ ಇಲ್ಲ! ಒಂದು ಗುಂಪಿನಲ್ಲಂತೂ ಮೂರೂ ವಿಧಾನ ಒಂದೇ. ವಿಶ್ವವಿದ್ಯಾಲಯ ತನ್ನ ಹುಡುಗರನ್ನಷ್ಟೇ ಕೂರಿಸಿ ಪ್ರಯೋಗ ಮುಗಿಸಿದ್ದರೆ 'ವ್ಯತ್ಯಾಸವೇನೂ ಇಲ್ಲ' ಅಂತ ಪ್ರಬಂಧ ಬರೆದು ಎದ್ದುಬಿಡುತ್ತಿತ್ತೇನೋ. ಕಂಪನಿ ಒಂದೇ ಆಗಿದ್ದರೆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಜಂಟಿ ಸಂಶೋಧನೆ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಉತ್ತರ ಬೇಕಾ?

ಲಾಭ ಆಯ್ತಾ ಅಂತೀರಾ? 1985ರಿಂದ 89ರ ನಡುವಿನ ಪ್ರಾಜೆಕ್ಟ್‌ಗಳಲ್ಲಿ ಸಾವಿರ ಸಾಲಿಗೆ ಸರಾಸರಿ 4.5 ತಪ್ಪು ಇದ್ದದ್ದು, 1990-93ರ ಹೊತ್ತಿಗೆ ಸುಮಾರು ಒಂದಕ್ಕೆ ಇಳಿಯಿತು. ಹಳೇ ಕೋಡ್ ಮತ್ತೆ ಬಳಸುವ ಪ್ರಮಾಣ ಶೇ. 20ರಿಂದ 79ಕ್ಕೆ ಏರಿತು. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. 1994ರಲ್ಲಿ ಐಇಇಇ ಕಂಪ್ಯೂಟರ್ ಸೊಸೈಟಿ ಇಂಥ ಸಾಧನೆಗೆಂದೇ ಪ್ರಶಸ್ತಿ ಶುರು ಮಾಡಿದಾಗ, ಮೊದಲನೆಯದು ಸಿಕ್ಕಿದ್ದು ಇವರಿಗೇ.

ಇಷ್ಟೆಲ್ಲ ಮಾಡಿದ ಲ್ಯಾಬ್ ಈಗಿಲ್ಲ. 1990ರ ದಶಕದಲ್ಲಿ ನಾಸಾದ ಬಜೆಟ್ ಬಿಗಿಯಾಯಿತು, ವಿಭಾಗಗಳು ಬದಲಾದವು, ಬೆನ್ನಿಗೆ ನಿಂತಿದ್ದ ಅಧಿಕಾರಿಗಳು ಹೋದರು. 2001ರ ಹೊತ್ತಿಗೆ ಕಥೆ ಮುಗಿಯಿತು. ಅದಕ್ಕೆ ಬೇಕಾಗಿದ್ದು ವರ್ಷಗಟ್ಟಲೆ ಕಾಯುವ ತಾಳ್ಮೆ. ಅದೇ ಮೊದಲು ಖಾಲಿಯಾಗೋದು.

ನಮ್ಮ ಕರ್ನಾಟಕದಲ್ಲಿ ಕಂಪನಿಗಳಿಗೂ ಬರವಿಲ್ಲ, ಎಂಜಿನಿಯರಿಂಗ್ ಕಾಲೇಜುಗಳಿಗೂ ಬರವಿಲ್ಲ. ಒಪ್ಪಂದಗಳಿಗಂತೂ ಇಲ್ಲವೇ ಇಲ್ಲ. ಶಾಲು, ಹಾರ, ಫೋಟೋ ಎಲ್ಲ ಆಗತ್ತೆ. ಆಗಲಿ. ಮುಂದಿನ ಸಲ ಅಂಥ ಫೋಟೋ ನೋಡಿದಾಗ ಮೂರು ಪ್ರಶ್ನೆ ಕೇಳಿ. ಕಂಪನಿಯ ಯಾವ ತೊಂದರೆಗೆ ಈ ಒಪ್ಪಂದ? ತನ್ನ ತಪ್ಪುಗಳ ಲೆಕ್ಕವನ್ನು ಅದು ಕಾಲೇಜಿಗೆ ತೆರೆದು ತೋರಿಸುತ್ತಾ? ಐದನೇ ವರ್ಷ ಆ ಮೇಜಿನ ಮುಂದೆ ಯಾರು ಕೂತಿರ್ತಾರೆ?

ಮೂರಕ್ಕೂ ಉತ್ತರ ಸಿಕ್ಕರೆ ಅದು ಸಂಶೋಧನೆ. ಸಿಗದಿದ್ದರೆ ಅದು ಬರೀ ಸಮಾರಂಭ.