ಪೆಡಲ್ ಒತ್ತಿದರೂ ಓಡದ ಕಾರು

ಮಳೆಗಾಲದ ಒಂದು ಬೆಳಿಗ್ಗೆ ಮಗಳನ್ನು ಪರೀಕ್ಷೆಗೆ ಕರೆದೊಯ್ಯುತ್ತಿದ್ದೆ. ಏರಿನಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಕಾರು ಆಮೆಯಂತೆ ತೆವಳತೊಡಗಿತು. ಎಂಜಿನ್ ದೀಪ ಹೊತ್ತಿಕೊಂಡಿತ್ತು. ಅವಳನ್ನು ಆಟೋ ಹತ್ತಿಸಿ ಕಳಿಸಿದೆ. ಗ್ಯಾರೇಜಿನವರು, ‘ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು’ ಎಂದರು. ನಿಜವೇ?

ಹಿಂದೆ ಪೆಡಲಿಗೂ ಥ್ರಾಟಲಿಗೂ ನಡುವೆ ಉಕ್ಕಿನ ಕೇಬಲ್ ಇರುತ್ತಿತ್ತು. ಈಗ ಪೆಡಲ್ ಎಷ್ಟು ಇಳಿಯಿತೆಂಬುದನ್ನು ಎರಡು ಸಂವೇದಕಗಳು ವೋಲ್ಟೇಜ್ ರೂಪದಲ್ಲಿ ಕಂಪ್ಯೂಟರಿಗೆ ತಿಳಿಸುತ್ತವೆ. ಅದು ಪುಟ್ಟ ಮೋಟಾರಿನಿಂದ ಗಾಳಿಯ ಕವಾಟವನ್ನು ತೆರೆಸುತ್ತದೆ. ಸಂವೇದಕ ಎರಡೇಕೆ? ಒಂದು ತಪ್ಪು ಹೇಳಿದರೆ ಇನ್ನೊಂದರಿಂದ ಗೊತ್ತಾಗಲೆಂದು. ಲೆಕ್ಕ ತಾಳೆಯಾಗದಿದ್ದರೆ, ಕಾರು ಹಿಡಿತ ತಪ್ಪಿ ಓಡದಂತೆ ಕಂಪ್ಯೂಟರ್ ಅದರ ಶಕ್ತಿಯನ್ನೇ ತಗ್ಗಿಸುತ್ತದೆ.

ಆದ್ದರಿಂದ ಬಿಡಿಭಾಗ ಕೊಳ್ಳುವ ಮುನ್ನ ಕ್ರಮವಾಗಿ ಪರೀಕ್ಷಿಸಬೇಕು. ಮೊದಲು ಬ್ಯಾಟರಿ: ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ಇರಬೇಕು. ಬಳಿಕ ಫ್ಯೂಸ್. ನಂತರ ಸ್ಕ್ಯಾನರ್ ತೋರುವ ಸಂಕೇತ. ಪಿ2138 ಬಂದರೆ ಸಾಮಾನ್ಯವಾಗಿ ಪೆಡಲ್ ಸಂವೇದಕಗಳ, ಪಿ2135 ಬಂದರೆ ಥ್ರಾಟಲ್ ಸಂವೇದಕಗಳ ಲೆಕ್ಕ ತಾಳೆಯಾಗುತ್ತಿಲ್ಲವೆಂದು ಅರ್ಥ. ಕೆಟ್ಟದ್ದು ಸಂವೇದಕವೋ ತಂತಿಯೋ ಎಂಬುದನ್ನು ಮಲ್ಟಿಮೀಟರಿನಿಂದ ಅಳೆದೇ ತಿಳಿಯಬೇಕು. ಕವಾಟಕ್ಕೆ ಮಸಿ ಮೆತ್ತಿದ್ದರೂ ಅದು ಸಿಕ್ಕಿಕೊಳ್ಳುತ್ತದೆ. ಆದರೆ ಇಗ್ನಿಷನ್ ಆನ್ ಇರುವಾಗ ಅಲ್ಲಿಗೆ ಬೆರಳು ಹಾಕಬಾರದು. ಮೋಟಾರ್ ತಟ್ಟನೆ ತಿರುಗೀತು!

ನಮ್ಮ ಕಾರಿನಲ್ಲಿ ಬಂದದ್ದು ಪಿ2138. ಪೆಡಲಿನ ಕನೆಕ್ಟರ್ ಬಿಚ್ಚಿದರೆ ಮಳೆನೀರು ಸೋರಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ತೆಗೆಸಿ, ಸೋರಿಕೆ ಮುಚ್ಚಿಸಿದೆವು, ಕಾರು ಓಡಿತು. ಥ್ರಾಟಲ್ ಬಾಡಿ ಚೆನ್ನಾಗಿಯೇ ಇತ್ತು.

ವಿದ್ಯಾರ್ಥಿಗಳೇ, ಪ್ರಯೋಗಾಲಯದಲ್ಲಿ ವೋಲ್ಟ್ ಮೀಟರ್ ಹಿಡಿದಾಗ ಇದು ನೆನಪಿರಲಿ: ಊಹೆಗೆ ಮುನ್ನ ಅಳತೆ.