ಕೈ ನೀಡುವ ಮುನ್ನ ಸೂಜಿಯನ್ನು ನೋಡಿ

ಜಾತ್ರೆಯ ರಕ್ತದಾನ ಶಿಬಿರಗಳಲ್ಲಿ ಈಚೆಗೆ ನಾವು ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ. ಆರೋಗ್ಯವಂತ ತರುಣನೊಬ್ಬನು ಶ್ರದ್ಧೆಯಿಂದ ರಕ್ತ ನೀಡಲು ಬರುತ್ತಾನೆ. ಅವನ ತೋಳಿನಲ್ಲಿ ಇಷ್ಟಲಿಂಗದ ಹೊಸ ಹಚ್ಚೆಯಿದೆ. ಅದನ್ನು ಕಂಡ ವೈದ್ಯರು ಅವನನ್ನು ಮರಳಿ ಕಳುಹಿಸುತ್ತಾರೆ. ನಮ್ಮ ದೇಶದ ಮಾರ್ಗಸೂಚಿಯಂತೆ ಹಚ್ಚೆ ಹಾಕಿಸಿಕೊಂಡವರು, ಮೈ ಚುಚ್ಚಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಇದಕ್ಕೆ ಕಾರಣ ಚಿತ್ರವಲ್ಲ, ಸೂಜಿ.

ಹಚ್ಚೆ ನಮಗೆ ಹೊಸದಲ್ಲ. ಕೊರವಂಜಿಯರು ಊರೂರು ತಿರುಗಿ ನಮ್ಮ ಅಜ್ಜಿಯರ ಮುಂಗೈಗೆ ಹಚ್ಚೆ ಹೊಯ್ಯುತ್ತಿದ್ದರು. ಮಕ್ಕಳ ಕಿವಿಯನ್ನು ಅಕ್ಕಸಾಲಿಗರು ಚುಚ್ಚುತ್ತಿದ್ದರು. ಇಂದು ಕೈಸೂಜಿಯ ಸ್ಥಾನದಲ್ಲಿ ವಿದ್ಯುತ್ ಯಂತ್ರವಿದೆ. ಕೆಲಸ ಮಾತ್ರ ಅದೇ: ಮೇಲ್ದೊಗಲನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದ ಒಳಚರ್ಮದಲ್ಲಿ ಬಣ್ಣವನ್ನು ನೆಲೆಗೊಳಿಸುವುದು. ಮೇಲ್ದೊಗಲು ಕೆಲವು ವಾರಗಳಲ್ಲಿ ಉದುರಿ ಹೊಸದಾಗುತ್ತದೆ; ಒಳಚರ್ಮದ ಬಣ್ಣ ಬಾಳಿನುದ್ದಕ್ಕೂ ಉಳಿಯುತ್ತದೆ. ಅಲ್ಲಿ ಸೂಕ್ಷ್ಮ ರಕ್ತನಾಳಗಳಿರುವುದರಿಂದ ಸೂಜಿಗೆ ರಕ್ತವೂ ತಗಲುತ್ತದೆ.

ಅಪಾಯವಿರುವುದು ಇಲ್ಲಿಯೇ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ, ಅದೇ ಬಟ್ಟಲಿನ ಬಣ್ಣದಲ್ಲಿ ಅದ್ದಿದರೆ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕುಗಳು ಹರಡಬಹುದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ 7 ದಿನ ಸೋಂಕುಕಾರಕವಾಗಿ ಉಳಿಯಬಲ್ಲದು. ಸೂಜಿಯನ್ನು ಬಟ್ಟೆಯಿಂದ ಒರೆಸಿದರೆ, ಬಿಸಿನೀರಿನಲ್ಲಿ ಅದ್ದಿದರೆ ಸಾಲದು.

ಆದುದರಿಂದ ಹಚ್ಚೆ ಹಾಕಿಸಿಕೊಳ್ಳುವವರು ಮೂರು ಸಂಗತಿಗಳನ್ನು ಕಣ್ಣಾರೆ ಕಾಣಬೇಕು. ಮೊಹರಾದ ಪೊಟ್ಟಣದಿಂದ ಹೊಸ ಸೂಜಿಯನ್ನು ತಮ್ಮೆದುರೇ ತೆಗೆಯಬೇಕು. ತಮಗೊಬ್ಬರಿಗೇ ಬೇರೆ ಬಟ್ಟಲಿನಲ್ಲಿ ಬಣ್ಣ ಹಾಕಬೇಕು. ಮರುಬಳಕೆಯ ಲೋಹದ ಸಾಧನಗಳನ್ನು ಆಟೋಕ್ಲೇವ್ ಯಂತ್ರದಲ್ಲಿ, ಒತ್ತಡದ ಹಬೆಯಿಂದ ಶುದ್ಧೀಕರಿಸಿರಬೇಕು. ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ಬೇಕಾಗುತ್ತದೆ. ಇವನ್ನು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಡುಕುವವರಿಗೆ ಕೈ ನೀಡಬೇಡಿ.

ಚುಚ್ಚಿಸಿಕೊಳ್ಳುವುದಕ್ಕೂ ಇದೇ ನಿಯಮ. ಕಿವಿಯ ಹಾಲೆಯ ಗಾಯ ಆರರಿಂದ ಎಂಟು ವಾರಗಳಲ್ಲಿ ಮಾಗುತ್ತದೆ. ಕಿವಿಯ ಮೇಲ್ಭಾಗದ ಮೃದ್ವಸ್ಥಿಗೆ ನೇರ ರಕ್ತಸಂಚಾರವಿಲ್ಲದ ಕಾರಣ ಅಲ್ಲಿ ಹಲವು ತಿಂಗಳು ಬೇಕಾಗುತ್ತದೆ. ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಹಸಿ ಗಾಯಕ್ಕೆ ಅರಿಶಿನ, ಎಣ್ಣೆ, ವಿಭೂತಿ ಏನನ್ನೂ ಹಚ್ಚಬಾರದು. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಗಾಯದ ಕಲೆ ಗಂಟಾಗಿ ಬೆಳೆಯುವ ಸ್ವಭಾವದವರು ಮೊದಲು ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಇದನ್ನು ಮುಂದೂಡುವುದು ಲೇಸು.

ಈಗಾಗಲೇ ಜಾತ್ರೆಯ ಬೀದಿಯಲ್ಲಿ ಹಚ್ಚೆ ಹಾಕಿಸಿಕೊಂಡು ಸೂಜಿಯ ಬಗ್ಗೆ ಸಂದೇಹವುಳ್ಳವರು ನಾಚದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಹೆಪಟೈಟಿಸ್ ಬಿ ತಡೆಗೆ ಲಸಿಕೆಯೂ ಉಂಟು.

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುವ ನಮಗೆ ಅದರ ಚಿತ್ರವನ್ನು ಚರ್ಮಕ್ಕೆ ಚುಚ್ಚಿಸಿಕೊಳ್ಳಬೇಕೆಂಬ ವಿಧಿಯೇನಿಲ್ಲ. ಆದರೂ ಬೇಕೆನ್ನುವ ತರುಣರಲ್ಲಿ ನಮ್ಮದೊಂದು ವಿನಂತಿ: ಮೊದಲು ರಕ್ತದಾಸೋಹ ಮುಗಿಸಿ, ಹಚ್ಚೆಯ ಮಾತು ಆಮೇಲಿರಲಿ.